ಕಾರಿಲ್ಲದ ಮನೆಯವರು

ಶಾದಿಮಹಲಿನ ಬಾಗಿಲಲ್ಲಿ ಸಲಾಮು ಮುಗಿದ ಮೇಲೆ ನಮ್ಮನ್ನು ಕೇಳುವ ಮೊದಲ ಪ್ರಶ್ನೆ, ‘ಗಾಡಿ ಎಲ್ಲಿ ನಿಲ್ಲಿಸಿದ್ರಿ?’ ಎಂಬುದು. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಬೆಂಗಳೂರಿನಲ್ಲಿ ಅದು ‘ಚೆನ್ನಾಗಿದ್ದೀರಾ’ ಎಂದು ಕೇಳಿದ ಹಾಗೆಯೇ. ‘ಬಸ್ಸಲ್ಲಿ ಬಂದ್ವಿ’ ಎಂದು ನಾವು ಹೇಳಿದರೆ ಒಂದು ಕ್ಷಣ ಮಾತು ನಿಲ್ಲುತ್ತದೆ. ಆಮೇಲೆ ಅವರೇ ನಮಗೆ ಸಮಾಧಾನ ಹೇಳುತ್ತಾರೆ: ‘ಅದೇ ಒಳ್ಳೇದು ಬಿಡಿ, ಈ ಟ್ರಾಫಿಕ್ಕಲ್ಲಿ ಯಾರಿಗೆ ಬೇಕು ಕಾರು.’ ಹೀಗೆ ಹೇಳಿದವರಲ್ಲಿ ಒಬ್ಬರೂ ತಮ್ಮ ಕಾರನ್ನು ಮಾರಿದ್ದು ನಾವು ಕಂಡಿಲ್ಲ. ಊಟ ಮುಗಿಸಿ ಹೊರಡುವಾಗ ಯಾರಾದರೊಬ್ಬ ನೆಂಟರು, ‘ಬನ್ನಿ, ಮನೆ ತನಕ ಬಿಡ್ತೀವಿ’ ಎನ್ನುತ್ತಾರೆ. ನಾವು ಬೇಡವೆನ್ನುತ್ತೇವೆ. ಅದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಈ ‘ಬೇಡ’ದ ವಿಷಯಕ್ಕೆ ಆಮೇಲೆ ಬರುತ್ತೇವೆ.

2003ರಲ್ಲಿ ನಾವು ಕಳಸದ ಕಡೆಯಿಂದ ಬೆಂಗಳೂರಿಗೆ ಬಂದೆವು. ಬಂದಾಗ ಇಬ್ಬರಿದ್ದೆವು, ಈಗ ನಾಲ್ವರು. ನಮ್ಮಲ್ಲೊಬ್ಬರು ಶಿವಾಜಿನಗರದ ಕಡೆ ಒಂದು ಶಾಲೆಯಲ್ಲಿ ಉರ್ದು ಕಲಿಸುತ್ತಾರೆ. ಇನ್ನೊಬ್ಬರು ಮಲ್ಲೇಶ್ವರದ ಒಂದು ಮುದ್ರಣಾಲಯದಲ್ಲಿ ಕನ್ನಡದ ಕರಡು ತಿದ್ದುತ್ತಾ, ಉಳಿದ ಹೊತ್ತಿನಲ್ಲಿ ಕತೆ ಬರೆಯುತ್ತಾರೆ. ಮನೆ ಯಶವಂತಪುರದ ಒಂದು ಗಲ್ಲಿಯಲ್ಲಿದೆ.

ಈ ಮನೆ ಸಿಕ್ಕಿದ್ದೇ ಕಾರಿಲ್ಲದ ಕಾರಣಕ್ಕೆ. ಮನೆ ಹುಡುಕುವಾಗ ಫೋನಿನಲ್ಲಿ ಎಲ್ಲವನ್ನೂ ಒಪ್ಪಿ, ಹೆಸರು ಕೇಳಿದ ಮೇಲೆ ‘ಊರಿಂದ ನಮ್ಮ ಭಾವ ಬರ್ತಿದಾರೆ, ಅವರಿಗೇ ಕೊಡ್ತೀವಿ’ ಎಂದವರ ಲೆಕ್ಕ ಇಡುವುದನ್ನು ನಾವು ಬಿಟ್ಟುಬಿಟ್ಟಿದ್ದೇವೆ. ಈಗಿನ ಮನೆಯ ಮಾಲೀಕರೂ ಹೆಸರು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ‘ಕಾರಿದೆಯಾ?’ ಎಂದರು. ಇಲ್ಲ ಎಂದೆವು. ‘ಸ್ಕೂಟರು?’ ಅದೂ ಇಲ್ಲ. ಅವರ ಮುಖ ಅರಳಿತು. ಕೆಳಗಿನ ಮನೆಯವರದು ಎರಡು ಕಾರು. ಜಾಗಕ್ಕಾಗಿ ಹಿಂದಿನ ಬಾಡಿಗೆದಾರರ ಜೊತೆ ದಿನಾ ಜಗಳ. ‘ಹಾಗಿದ್ರೆ ನೀವೇ ಬನ್ನಿ ಸಾಬ್ರೇ’ ಎಂದು ಬೀಗದ ಕೈ ಕೊಟ್ಟರು. ನಮ್ಮ ಹೆಸರಿನ ಭಾರವನ್ನು ಒಂದು ಕಾರಿನ ಜಾಗ ಸರಿತೂಗಿಸಿತು.

ಯಾಕೆ ಕೊಳ್ಳಲಿಲ್ಲ ಎಂದು ಕೇಳಿದರೆ ನಮ್ಮ ಬಳಿ ಒಂದೇ ಉತ್ತರವಿಲ್ಲ. ಮೊದಲು ದುಡ್ಡಿರಲಿಲ್ಲ. ಆಮೇಲೆ ಸ್ವಲ್ಪ ಕೂಡಿತು, ಅದು ಮಕ್ಕಳ ಫೀಸಿಗೆ ಹೋಯಿತು. ಬ್ಯಾಂಕಿನ ಸಾಲ ಸುಲಭವಾಗಿ ಸಿಗುತ್ತಿತ್ತು, ಆದರೆ ಅದರ ಹಿಂದೆ ಬಡ್ಡಿ ಇತ್ತು. ಊರಿನಲ್ಲಿದ್ದ ಅಬ್ಬಾನನ್ನು ಫೋನಿನಲ್ಲಿ ಒಮ್ಮೆ ಕೇಳಿದ್ದೆವು. ಅವರು ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ‘ಸಾಲದ ಗಾಡಿ ಹತ್ತಿದವನಿಗೆ ಇಳಿಯೋ ಸ್ಟಾಪು ಗೊತ್ತಿರಲ್ಲ ಬೇಟಾ’ ಎಂದಷ್ಟೇ ಅಂದರು. ನಮ್ಮ ಕೈಲಾಗದ್ದಕ್ಕೆ ಈ ಬಡ್ಡಿಯ ಮಾತನ್ನು ಹೊದಿಕೆಯಾಗಿಯೂ ಬಳಸಿದ್ದುಂಟು. ಅದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಬಡ್ಡಿಯಿಲ್ಲದೆ ರೂಪಾಯಿಗೆ ರೂಪಾಯಿ ಕೂಡಿಸಿ ಕಾರು ಕೊಂಡ ನೆಂಟರೂ ನಮ್ಮಲ್ಲಿದ್ದಾರೆ. ಇನ್ನೊಂದು ಸತ್ಯವೆಂದರೆ ನಮ್ಮಿಬ್ಬರಲ್ಲಿ ಯಾರಿಗೂ ಓಡಿಸಲು ಬರುವುದಿಲ್ಲ. ನಮ್ಮವರು ಒಮ್ಮೆ ಡ್ರೈವಿಂಗ್ ಕಲಿಯಲು ಸೇರಿ ಹನ್ನೊಂದು ದಿನ ಹೋದರು. ಹನ್ನೆರಡನೆಯ ದಿನ ಮತ್ತಿಕೆರೆಯ ತಿರುವಿನಲ್ಲಿ ಹಣ್ಣಿನ ತಳ್ಳುಗಾಡಿಗೆ ತಾಗಿಸಿ, ಒಂದು ಬುಟ್ಟಿ ಸಪೋಟಾದ ದುಡ್ಡು ಕೊಟ್ಟು, ಆ ಹಣ್ಣನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಬಸ್ಸಿನಲ್ಲಿ ಮನೆಗೆ ಬಂದರು. ಆ ವಾರವಿಡೀ ಸಪೋಟಾ ತಿಂದೆವು. ಕಾರಿನ ಮಾತು ಅಲ್ಲಿಗೆ ನಿಂತಿತು.

ನಾವು ಬಂದಾಗ ಹಳಬರು ಸಿಟಿ ಬಸ್ಸನ್ನು ಇನ್ನೂ ಬಿಟಿಎಸ್ ಎನ್ನುತ್ತಿದ್ದರು. 1997ರಲ್ಲೇ ಅದು ಬಿಎಂಟಿಸಿ ಆಗಿತ್ತು. 2010ರಲ್ಲಿ ಪ್ರತಿ ತಿಂಗಳ 4ನೇ ತಾರೀಕನ್ನು ‘ಬಸ್ ದಿನ’ ಎಂದು ಆಚರಿಸಲು ಶುರುಮಾಡಿದರು. ಅಂದು ಕಾರಿನವರೂ ಬಸ್ಸು ಹತ್ತಬೇಕೆಂಬ ಆಸೆ. ನಮಗೆ ತಿಂಗಳ ಮೂವತ್ತೂ ದಿನ ಬಸ್ ದಿನವೇ ಆಗಿದ್ದರಿಂದ ಆ 4ನೇ ತಾರೀಕು ಬಂದದ್ದೂ ಹೋದದ್ದೂ ತಿಳಿಯುತ್ತಿರಲಿಲ್ಲ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿ ಈಗ ಕೆಲವು ವರ್ಷಗಳಾದವು.

ಬಸ್ಸಿನೊಳಗೆ ನಮ್ಮ ಸಂಸಾರ ಎರಡಾಗುತ್ತದೆ. ಹೆಂಗಸರು ಮುಂದಿನ ಬಾಗಿಲು, ಗಂಡಸರು ಹಿಂದಿನದು. ಕಂಡಕ್ಟರು ‘ಟಿಕೆಟ್, ಟಿಕೆಟ್’ ಎಂದು ಬಂದರೆ ಮುಂದಿನಿಂದ ‘ಹಿಂದೆ ತಗೋತಾರೆ’ ಎಂದು ಹೇಳಬೇಕು. ಹಿಂದಿನಿಂದ ‘ಮುಂದೆ ಒಬ್ರು ಲೇಡೀಸು’ ಎಂದು ಕೂಗಬೇಕು. ಇಪ್ಪತ್ತು ವರ್ಷ ಈ ಎರಡು ಮಾತುಗಳು ನಮ್ಮ ದಾಂಪತ್ಯದ ಭಾಗವಾಗಿದ್ದವು. ಜನರ ತಲೆಗಳ ಮೇಲಿಂದ ಒಬ್ಬರ ಕಣ್ಣು ಇನ್ನೊಬ್ಬರ ಕಣ್ಣನ್ನು ಹುಡುಕುತ್ತಿದ್ದದ್ದು ಟಿಕೆಟ್ಟಿನ ಹೊತ್ತಿನಲ್ಲೇ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಆ ಮಾತು ನಿಂತುಹೋಯಿತು. ಈಗ ಮುಂದಿನವರದು ಸೊನ್ನೆ ರೂಪಾಯಿಯ ಟಿಕೆಟು, ಹಿಂದಿನವರದು ದುಡ್ಡಿನ ಟಿಕೆಟು. ನಾವು ಗಂಡ ಹೆಂಡತಿ ಎಂದು ತಿಳಿಯಲು ಕಂಡಕ್ಟರಿಗೆ ದಾರಿಯೇ ಇಲ್ಲ. ಆದರೆ ದೂರುವಂತಿಲ್ಲ. ಪೀಣ್ಯದ ಗಾರ್ಮೆಂಟಿಗೆ ಹೋಗುವ ನಮ್ಮ ಪಕ್ಕದ ಮನೆಯ ಹೆಂಗಸು ಉಳಿದ ಬಸ್ ದುಡ್ಡಿನಲ್ಲಿ ಮಗನಿಗೆ ಲೆಕ್ಕದ ಟ್ಯೂಷನ್ ಹಾಕಿಸಿದ್ದಾಳೆ. ‘ಬಿಟ್ಟಿ ಬಸ್ಸಿಂದ ಹೆಂಗಸರು ಸುಮ್ಮನೆ ತಿರುಗಾಡ್ತಾರೆ’ ಎಂದು ನಮ್ಮ ನೆಂಟರೊಬ್ಬರು ಕಾರಿನಲ್ಲಿ ಕೂತು ಹೇಳಿದರು. ಸುಮ್ಮನೆ ತಿರುಗಾಡುವುದು ಇಷ್ಟು ದಿನ ಯಾರ ಹಕ್ಕಾಗಿತ್ತು ಎಂದು ಕೇಳಬೇಕೆನಿಸಿತ್ತು. ಮದುವೆ ಮನೆ, ಸುಮ್ಮನಾದೆವು.

ಕರಡು ತಿದ್ದುವ ಕೆಲಸದ ಅರ್ಧ ಬಸ್ಸಿನಲ್ಲೇ ಆಗುತ್ತದೆ. ಕತೆಗಳೂ ಅಲ್ಲಿಯವೇ. ಒಮ್ಮೆ ಶಿವಾಜಿನಗರದಿಂದ ಬರುವಾಗ ಪಕ್ಕದಲ್ಲಿ ಕೂತ ಮುದುಕಿಯೊಬ್ಬಳು ಟಿಕೆಟ್ಟಿನ ಹಿಂಬದಿಯಲ್ಲಿ ಕಂಡಕ್ಟರು ಬರೆದುಕೊಟ್ಟ ‘5’ ಎಂಬ ಬಾಕಿ ಚಿಲ್ಲರೆಯ ಅಂಕಿಯನ್ನು ನಮಗೆ ತೋರಿಸಿ, ‘ಇದು ಎಷ್ಟು ದಿನ ನಡೀತದೆ?’ ಎಂದು ಕೇಳಿದಳು. ಇಳಿಯುವ ಮೊದಲೇ ಕೇಳಿ ತಗೋಬೇಕು ಎಂದೆವು. ಅವಳ ಸೆರಗಿನ ಗಂಟಿನಲ್ಲಿ ಅಂಥ ಒಂಬತ್ತು ಟಿಕೆಟ್ಟುಗಳಿದ್ದವು. ಬ್ಯಾಂಕಿನ ಚೀಟಿಯೆಂಬಂತೆ ಜೋಪಾನ ಮಾಡಿದ್ದಳು. ಕಾರಿನ ಗಾಜಿನೊಳಗೆ ಈ ಮುದುಕಿ ನಮಗೆಲ್ಲಿ ಸಿಗುತ್ತಿದ್ದಳು?

ಹೀಗೆ ಹೇಳುವಾಗ ಸುಖವನ್ನಷ್ಟೇ ಹೇಳಿದಂತಾಗುತ್ತದೆ. ಕಷ್ಟವೂ ದಿನಾ ಇದೆ. ನಮ್ಮ ಗಲ್ಲಿಯಿಂದ ಬಸ್ ಸ್ಟಾಪಿಗೆ ಏಳು ನಿಮಿಷದ ದಾರಿ. ಅದರಲ್ಲಿ ಫುಟ್‌ಪಾತಿರುವುದು ಒಂದು ನಿಮಿಷಕ್ಕೆ. ಉಳಿದದ್ದು ನಿಂತ ಕಾರುಗಳಿಗೂ ಓಡುವ ಕಾರುಗಳಿಗೂ ನಡುವೆ ಉಳಿದ ಒಂದು ಗೇಣು. ಮಳೆ ಬಂದರೆ ಆ ಗೇಣೂ ಇಲ್ಲ. ಮೆಟ್ರೋ 2011ರ ಅಕ್ಟೋಬರ್‌ನಲ್ಲಿ ಮೊದಲು ಓಡಿ, 2014ರ ಮಾರ್ಚ್‌ನಲ್ಲಿ ನಮ್ಮ ಕಡೆಗೂ ಬಂದಾಗ ಮಕ್ಕಳನ್ನು ಕರೆದುಕೊಂಡು ಪೀಣ್ಯದಿಂದ ಸಂಪಿಗೆ ರಸ್ತೆಗೂ, ಅಲ್ಲಿಂದ ಪೀಣ್ಯಕ್ಕೂ ಸುಮ್ಮನೆ ಹೋಗಿ ಬಂದಿದ್ದೆವು. 2025ರ ಫೆಬ್ರವರಿಯಲ್ಲಿ ಅದರ ದರ ಏರಿಸಿದರು. ಗರಿಷ್ಠ 60 ರೂಪಾಯಿ ಇದ್ದದ್ದು 90 ಆಯಿತು. ನಾಲ್ವರು ಒಟ್ಟಿಗೆ ದೂರ ಹೋಗುವುದಿದ್ದರೆ ಮತ್ತೆ ಬಸ್ಸೇ. ಬಕ್ರೀದಿನ ದಿನ ಬಂಧುಗಳಿಗೆ ಪಾಲು ಮುಟ್ಟಿಸುವುದು, ಮಗನಿಗೆ ರಾತ್ರಿ ಜ್ವರ ಏರಿದರೆ ಒಂದೂವರೆಪಟ್ಟು ಕೊಡುತ್ತೇವೆಂದು ಆಟೋದವರ ಬಾಗಿಲು ತಟ್ಟುವುದು, ಇವೆಲ್ಲ ಇದ್ದದ್ದೇ. ಗಲ್ಲಿಯ ಕೊನೆಯಲ್ಲಿ ಇರುವ ಆಟೋದವರೊಬ್ಬರು ಹಾಗೆ ಎಷ್ಟು ಸಲ ಎದ್ದು ಬಂದಿದ್ದಾರೋ. ಅವರನ್ನು ನಾವು ಅಣ್ಣ ಎನ್ನುತ್ತೇವೆ, ಅವರು ನಮ್ಮನ್ನು ಅಮ್ಮ, ಮೇಷ್ಟ್ರೇ ಎನ್ನುತ್ತಾರೆ.

ಇದೆಲ್ಲ ನಮಗೆ ಅಷ್ಟಾಗಿ ಕೊರತೆಯೆನಿಸದಿರಲು ನಾವು ಬಂದ ಊರೂ ಕಾರಣವಿರಬಹುದು. ಅಬ್ಬಾ ಕಳಸದ ದಾರಿಯಲ್ಲಿ ಹಿರೇಬೈಲು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಮಲೆನಾಡಿನ ತೋಟಗಳಲ್ಲಿ ರೈಟರ್ ಎಂದರೆ ಕತೆ ಬರೆಯುವವರಲ್ಲ, ಆಳುಗಳ ಹಾಜರಿ, ಕೂಲಿ, ಕಿತ್ತ ಹಣ್ಣಿನ ಲೆಕ್ಕ ಬರೆಯುವವರು. ಬೆಳಗಿನಿಂದ ಸಂಜೆವರೆಗೆ ಅವರದು ನಡಿಗೆ. ತೋಟದಲ್ಲಿ ಒಂದು ಜೀಪಿತ್ತು, ಅದು ಸಾಹುಕಾರರದು. ನಾವು ಉರ್ದು ಶಾಲೆಗೂ, ಆಮೇಲೆ ಕನ್ನಡ ಹೈಸ್ಕೂಲಿಗೂ ಬಸ್ಸಿನಲ್ಲೇ ಹೋದವರು.

ಆ ಕಡೆಯವರಿಗೆ ಬಸ್ಸೆಂದರೆ ‘ಸಹಕಾರ ಸಾರಿಗೆ’. ಕೊಪ್ಪದಲ್ಲಿ ಶಂಕರ್ ಕಂಪೆನಿಯ ಬಸ್ಸುಗಳು ನಿಂತು ಕೆಲಸ ಹೋದಾಗ ಅದರ ನೌಕರರೇ ಒಟ್ಟಾಗಿ 1991ರಲ್ಲಿ ಸಹಕಾರ ಸಂಘ ಮಾಡಿಕೊಂಡು ಬಸ್ಸು ಓಡಿಸಿದರು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೇ ಮಾಲೀಕರು. ಎಪ್ಪತ್ತಕ್ಕೂ ಹೆಚ್ಚು ಬಸ್ಸುಗಳಾದವು. ಸರ್ಕಾರಿ ಬಸ್ಸು ಕಾಣದ ಮೂಲೆಮೂಲೆಗೆ ಹೋಗುತ್ತಿದ್ದವು. ಅಮ್ಮಿಯ ಬಿ.ಪಿ. ಮಾತ್ರೆ ತಪ್ಪಿದರೆ ಅಬ್ಬಾ ಬೆಳಗಿನ ಬಸ್ಸಿನ ಕಂಡಕ್ಟರ ಕೈಗೆ ಚೀಟಿ ಕೊಡುವರು. ಸಂಜೆಯ ಬಸ್ಸಿನಲ್ಲಿ ಮಾತ್ರೆ ಬರುವುದು, ಚಿಲ್ಲರೆ ಸಮೇತ. ಡೀಸೆಲ್ ಬೆಲೆ, ಸಾಲ, ನಷ್ಟ ಎಲ್ಲ ಸೇರಿ 2020ರ ಫೆಬ್ರವರಿಯಲ್ಲಿ ಆ ಬಸ್ಸುಗಳು ನಿಂತವು. ಅಬ್ಬಾ ಫೋನು ಮಾಡಿ, ಮನೆಯಲ್ಲಿ ಯಾರೋ ತೀರಿಕೊಂಡ ದನಿಯಲ್ಲಿ ‘ಸಹಕಾರ ನಿಂತುಹೋಯ್ತು’ ಎಂದಿದ್ದರು.

ವರ್ಷಕ್ಕೊಮ್ಮೆ ಉರುಸಿಗೆ ಅವರು ನಮ್ಮನ್ನು ಬಾಬಾಬುಡನ್‌ಗಿರಿಗೆ ಕರೆದೊಯ್ಯುತ್ತಿದ್ದರು. ಕಳಸದಿಂದ ಚಿಕ್ಕಮಗಳೂರಿಗೆ ಒಂದು ಬಸ್ಸು, ಅಲ್ಲಿಂದ ಗಿರಿಗೆ ಇನ್ನೊಂದು. ಕೈಮರ ದಾಟಿದ ಮೇಲೆ ಬಸ್ಸು ಏದುಸಿರು ಬಿಡುತ್ತಾ ಮಂಜಿನೊಳಗೆ ಹೋಗುವುದು. ದತ್ತ ಪೀಠವೆಂದು ಬರುವವರೂ, ದಾದಾ ಹಯಾತ್ ದರ್ಗಾ ಎಂದು ಬರುವವರೂ ಅದೇ ಬಸ್ಸಿನಲ್ಲಿ, ಅದೇ ಕಂಬಿ ಹಿಡಿದು, ಅದೇ ತಿರುವಿನಲ್ಲಿ ಒಬ್ಬರ ಮೇಲೊಬ್ಬರು ವಾಲುತ್ತಿದ್ದರು. ಬಾಬಾಬುಡನ್ ಹಜ್ ಮುಗಿಸಿ ಬರುವಾಗ ಯಮನ್‌ನ ಮೋಖಾದಿಂದ ಏಳು ಕಾಫಿ ಬೀಜ ತಂದು ಈ ಗುಡ್ಡದಲ್ಲಿ ಬಿತ್ತಿದರೆಂಬ ಹದಿನೇಳನೆಯ ಶತಮಾನದ ಕತೆಯನ್ನು ಅಬ್ಬಾ ಪ್ರತಿ ಸಲವೂ ಹೇಳುವರು. ‘ಹಡಗಿಳಿದ ಮೇಲೆ ಇಷ್ಟು ದೂರ ಹೇಗೆ ಬಂದರು ಅಬ್ಬಾ?’ ಎಂದು ಒಮ್ಮೆ ಕೇಳಿದ್ದೆವು. ‘ನಡಕೊಂಡು.’ ‘ಹೊಟ್ಟೆಗೆ?’ ‘ದಾರೀಲಿ ಯಾರಾದರೂ ಕರೆದು ಗಂಜಿ ಕೊಟ್ಟಿರ್ತಾರೆ. ಕೇಳಿದ್ರೆ ಕೊಡದೆ ಇರ್ತಾರಾ?’

ಅವರ ಜೊತೆ ಕೊನೆಯ ಸಲ ಗಿರಿಗೆ ಹೋದದ್ದು 2023ರ ದಸರಾ ರಜೆಯಲ್ಲಿ. ಬಸ್ಸು ಅರ್ಧ ದಾರಿಯಲ್ಲಿ ನಿಂತಿತು. ಮೇಲಿನಿಂದ ಕೆಳಗಿನವರೆಗೆ ಕಾರುಗಳು. ಹೆಚ್ಚಿನವು ಬೆಂಗಳೂರಿನವು. ನಮ್ಮ ಯಶವಂತಪುರದ ಕೆಎ-04 ಕೂಡ ಬೇಕಾದಷ್ಟು. ಯಾವ ಊರಿನಲ್ಲಿ ನಾವು ಕಾರಿಲ್ಲದೆ ಇದ್ದೆವೋ ಆ ಊರಿನ ಕಾರುಗಳು ನಮ್ಮ ಗುಡ್ಡದ ಮೇಲೂ ನಮಗೆ ಅಡ್ಡ ನಿಂತಿದ್ದವು. ಅಬ್ಬಾ ರೇಗಲಿಲ್ಲ. ಹಾಜರಿ ಬರೆದ ಅಭ್ಯಾಸ ಅವರನ್ನು ಬಿಟ್ಟಿರಲಿಲ್ಲ. ಕಿಟಕಿಯಿಂದ ಎಣಿಸುತ್ತಾ ಕೂತರು. ಗಂಟೆ ಕಳೆದ ಮೇಲೆ, ‘ಎಪ್ಪತ್ತೆರಡು ಗಾಡಿ, ಜನ ನೂರ ತೊಂಬತ್ತು. ನಮ್ಮ ಒಂದು ಬಸ್ಸಲ್ಲಿ ಐವತ್ತೆಂಟು ಜನ ಇದೀವಿ’ ಎಂದರು. ಅಷ್ಟೇ, ಟೀಕೆ ಟಿಪ್ಪಣಿ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಜಿಲ್ಲಾಡಳಿತ ಗಿರಿಗೆ ಬರುವ ಪ್ರವಾಸಿ ವಾಹನಗಳು ಮೊದಲೇ ಆನ್‌ಲೈನಿನಲ್ಲಿ ನೋಂದಾಯಿಸಬೇಕು, ದಿನಕ್ಕೆ ಇಷ್ಟೇ ಎಂದು ಮಿತಿ ಹಾಕಿತು. ಆ ಸುದ್ದಿ ಕೇಳಲು ಅಬ್ಬಾ ಇರಲಿಲ್ಲ.

2024ರ ಜುಲೈಯ ಮಳೆ ಮಲೆನಾಡಿನವರು ಮರೆಯುವಂಥದ್ದಲ್ಲ. ಕಳಸದಿಂದ ಹೊರನಾಡಿಗೆ ಹೋಗುವ ಹೆಬ್ಬಾಳೆ ಸೇತುವೆ ಮತ್ತೆ ಮತ್ತೆ ಮುಳುಗಿದ ಸುದ್ದಿ ಟಿ.ವಿ.ಯಲ್ಲಿ ಬರುತ್ತಿತ್ತು. ಒಂದು ರಾತ್ರಿ ಹನ್ನೆರಡೂ ಮುಕ್ಕಾಲಿಗೆ ತಮ್ಮನ ಫೋನು. ‘ಆಪಾ, ಅಬ್ಬಾ ಚಲೇ ಗಏ.’ ಇಶಾ ನಮಾಜು ಮುಗಿಸಿ ಮಲಗಿದವರು ಏಳಲಿಲ್ಲವಂತೆ. ಜನಾಝಾ ನಾಳೆ ಜುಹರ್ ನಂತರ ಎಂದ. ‘ಬಂದು ಮುಟ್ತೀರಲ್ಲ?’ ಎಂದು ಕೇಳಿದ. ಬರುತ್ತೇವೆ ಎಂದೆವು.

ನಮ್ಮಲ್ಲಿ ಹೆಂಗಸರು ಖಬರಸ್ತಾನಕ್ಕೆ ಹೋಗುವ ವಾಡಿಕೆಯಿಲ್ಲ. ಮನೆಯಿಂದ ಜನಾಝಾ ಎತ್ತುವುದರೊಳಗೆ ಮುಖ ನೋಡಿದರೆ ನೋಡಿದ ಹಾಗೆ. ಇದನ್ನು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಕಳಸ ಮುನ್ನೂರು ಕಿಲೋಮೀಟರಿಗೂ ದೂರ. ಹೊರನಾಡಿನ ರಾತ್ರಿ ಬಸ್ಸುಗಳು ಹೊರಟು ಎಷ್ಟೋ ಹೊತ್ತಾಗಿತ್ತು. ಮೊಬೈಲಿನಲ್ಲಿ ಟ್ಯಾಕ್ಸಿ ಹುಡುಕಿದೆವು. ಒಬ್ಬರು ಒಪ್ಪಿ, ಕಳಸವೆಂದ ಕೂಡಲೇ ಮಳೆ, ಘಾಟಿ ಎಂದು ಬಿಟ್ಟರು. ಇನ್ನೊಬ್ಬರು ಹದಿನಾರು ಸಾವಿರ ಕೇಳಿದರು. ಕೊಡುತ್ತೇವೆ ಎಂದೆವು. ಹತ್ತು ನಿಮಿಷದ ಮೇಲೆ ಅವರ ಫೋನು ಆಫ್ ಆಗಿತ್ತು. ಗಲಾಟೆಗೆ ಕೆಳಗಿನ ಮನೆಯವರು ಎದ್ದು ಬಂದು ಕಾರಿನ ಕೀಯನ್ನೇ ಮುಂದೆ ಹಿಡಿದರು. ‘ತಗೊಂಡು ಹೋಗಿ ಮೇಷ್ಟ್ರೇ, ಯೋಚನೆ ಮಾಡ್ಬೇಡಿ.’ ಅವರಿಗೆ ಕಣ್ಣಿನ ಆಪರೇಷನ್ ಆಗಿ ವಾರವಾಗಿತ್ತು, ಮಗ ಪರಊರಿನಲ್ಲಿ. ಕಾರು ಎರಡು, ಕೀ ಕೈಯಲ್ಲಿದೆ, ಓಡಿಸುವವರು ಒಬ್ಬರೂ ಇಲ್ಲ. ನಮ್ಮವರು ಆ ಕೀಯನ್ನು ಒಂದು ನಿಮಿಷ ಹಿಡಿದುಕೊಂಡು ನಿಂತು, ವಾಪಸ್ ಕೊಟ್ಟರು.

ಆಟೋದ ಅಣ್ಣ ನಮ್ಮನ್ನು ಗೊರಗುಂಟೆಪಾಳ್ಯಕ್ಕೆ ಕರೆತಂದರು. ಹಾಸನದ ಕಡೆಯ ಬಸ್ಸುಗಳೆಲ್ಲ ಅಲ್ಲಿ ಹಾದೇ ಹೋಗಬೇಕು. ಬಿಟ್ಟು ಹೋಗಲಿಲ್ಲ. ನಮ್ಮನ್ನು ಆಟೋದಲ್ಲೇ ಕೂರಿಸಿ, ತಾವು ಮಳೆಯಲ್ಲಿ ರಸ್ತೆಗಿಳಿದು ಬಂದ ಬಂದ ಬಸ್ಸಿಗೆಲ್ಲ ಕೈ ಅಡ್ಡ ಹಾಕಿದರು. ಎರಡೂ ಇಪ್ಪತ್ತಕ್ಕೆ ಒಂದು ಬಸ್ಸು ನಿಂತಿತು. ಬಾಡಿಗೆ ಕೊಡಲು ಹೋದರೆ, ‘ಸಾವಿನ ಮನೆಗೆ ಹೊರಟವರ ಹತ್ರ ಈಗ ಬೇಡ, ಬಂದ ಮೇಲೆ ನೋಡೋಣ’ ಎಂದರು.

ಬಸ್ಸು ತುಂಬಿತ್ತು. ಯಾರೋ ಹೆಂಗಸು ಮಲಗಿದ್ದ ಮಗುವನ್ನು ತೊಡೆಗೆ ಎತ್ತಿಕೊಂಡು ಜಾಗ ಕೊಟ್ಟರು. ಏನು, ಎತ್ತ ಎಂದು ಕೇಳಲಿಲ್ಲ. ಹಾಸನದಲ್ಲಿ ಫಜರ್. ಅಲ್ಲಿಂದ ಬೇಲೂರು, ಮೂಡಿಗೆರೆ. ಕೊಟ್ಟಿಗೆಹಾರದಲ್ಲಿ ಕಳಸದ ಬಸ್ಸು ಹತ್ತುವಾಗ ಒಂಬತ್ತು ಗಂಟೆ. ಜುಹರಿಗೆ ಬೇಕಾದಷ್ಟು ಹೊತ್ತಿದೆ ಎಂದುಕೊಂಡೆವು. ಆಮೇಲೆ ಫೋನಿಗೆ ಸಿಗ್ನಲ್ ಇರಲಿಲ್ಲ. ಬಾಳೂರು ದಾಟಿದ ಮೇಲೆ ರಸ್ತೆಗಡ್ಡ ಒಂದು ಹೆಮ್ಮರ ಬಿದ್ದಿತ್ತು. ಬಸ್ಸಿನವರು ಕತ್ತಿ ಹಿಡಿದು ಇಳಿದರು. ಆ ಮರಕ್ಕೆ ಆ ಕತ್ತಿ ಸಾಲುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ನಾವು ಕೊಂಬೆಗಳ ನಡುವೆ ನುಸುಳಿ ಆಚೆ ಬಿದ್ದು ನಡೆಯತೊಡಗಿದೆವು. ಕೊಡೆ ಗಾಳಿಗೆ ತಿರುಗಿ ಮುರಿಯಿತು. ಮೂರು ಕಿಲೋಮೀಟರು ನಡೆದಿರಬೇಕು, ಆಳುಗಳನ್ನು ಇಳಿಸಿ ತಿರುಗಿಸುತ್ತಿದ್ದ ತೋಟದ ಪಿಕಪ್ಪೊಂದು ಸಿಕ್ಕಿತು. ಅದರ ಹುಡುಗ ನಮ್ಮ ಮುಖ ನೋಡಿ, ‘ರೈಟರ್ ಸಾಬ್ರ ಮಗಳಲ್ವಾ? ಹತ್ತಿ ಹತ್ತಿ, ಬೇಗ’ ಎಂದ. ಅವನ ಅವಸರದ ಅರ್ಥ ಆಗ ತಿಳಿಯಲಿಲ್ಲ.

ಮನೆಗೆ ಇನ್ನೂ ಅರ್ಧ ಮೈಲಿ ಇರುವಾಗ ತಿರುವಿನಲ್ಲಿ ಕೊಡೆಗಳು ಕಂಡವು. ಕೊಡೆಗಳ ನಡುವೆ ನೀಲಿ ಟಾರ್ಪಾಲು. ಟಾರ್ಪಾಲಿನ ಕೆಳಗೆ ಅಬ್ಬಾ. ಹನ್ನೊಂದೂಕಾಲು ಗಂಟೆ. ತೋಡಿದ ಕಬರಿಗೆ ನೀರು ತುಂಬುತ್ತಿತ್ತಂತೆ. ಬಕೆಟ್ಟಿನಲ್ಲಿ ಮೊಗೆದಷ್ಟೂ ಒಸರುತ್ತಿತ್ತು. ತಡಮಾಡುವುದು ಬೇಡವೆಂದು ಹಿರಿಯರು ತೀರ್ಮಾನಿಸಿದ್ದರು. ತಮ್ಮ ನಮಗೆ ಫೋನು ಮಾಡಿ ಮಾಡಿ ಸೋತಿದ್ದ.

ಎತ್ತಿದ ಜನಾಝಾವನ್ನು ದಾರಿಯಲ್ಲಿ ಇಳಿಸಬಾರದು ಎಂದು ಯಾರೋ ಅಂದರು. ಇನ್ನೊಬ್ಬರು ಹೌದೆಂದರು. ಮಸೀದಿಯ ಹಜ್ರತ್ ನಮ್ಮನ್ನು ನೋಡಿದರು. ಇನ್ನೂ ಚಿಕ್ಕ ವಯಸ್ಸಿನವರು. ‘ಇಳಿಸಿ. ಮಗಳಲ್ಲವೇ’ ಎಂದರು. ರಸ್ತೆ ಬದಿಯ ಚಹಾದಂಗಡಿಯವರು ಗಿರಾಕಿಗಳನ್ನು ಎಬ್ಬಿಸಿ ಬೆಂಚು ಎಳೆದು ಕೊಟ್ಟರು. ನಾಲ್ಕು ಜನ ಟಾರ್ಪಾಲನ್ನು ಎತ್ತಿ ಹಿಡಿದರು. ಕಫನಿನ ಗಂಟು ಸಡಿಲಿಸಿದರು. ಅಬ್ಬಾನ ಮುಖ ಬಸ್ಸಿಗೆ ಕಾಯುತ್ತಾ ಕಣ್ಣು ಮುಚ್ಚಿ ಕೂತಾಗ ಇರುತ್ತಿದ್ದ ಹಾಗೆಯೇ ಇತ್ತು. ಹಣೆಯ ಮೇಲೆ ಬಿದ್ದ ಒಂದು ಹನಿಯನ್ನು ದುಪಟ್ಟಾದ ತುದಿಯಿಂದ ಒರೆಸಿದೆವು. ಒಂದು ನಿಮಿಷ ಆಗಿರಬೇಕು, ಅಥವಾ ಎರಡು. ಮತ್ತೆ ಎತ್ತಿದರು. ನಮ್ಮವರೂ ಮಗನೂ ಹೆಗಲು ಕೊಟ್ಟು ಹೊರಟರು. ಮಗಳ ಕೈ ಹಿಡಿದು, ಕೊಡೆಗಳು ತಿರುವಿನಲ್ಲಿ ಮರೆಯಾಗುವವರೆಗೆ ಆ ಬೆಂಚಿನ ಪಕ್ಕದಲ್ಲೇ ನಿಂತೆವು.

ಮನೆಯಲ್ಲಿ ಫುಫು ತಬ್ಬಿಕೊಂಡು ಅತ್ತರು. ಅತ್ತು ಮುಗಿದ ಮೇಲೆ, ‘ಇಪ್ಪತ್ತು ವರ್ಷ ಬೆಂಗಳೂರಲ್ಲಿ ಇದ್ದು ಒಂದು ಕಾರು ತಗೊಳ್ಳೋಕಾಗಲಿಲ್ವಾ ನಿಮಗೆ? ಅಪ್ಪನ ಮುಖ ರಸ್ತೇಲಿ ನೋಡೋ ಹಾಗಾಯ್ತಲ್ಲ’ ಎಂದರು. ಉತ್ತರವಿರಲಿಲ್ಲ. ಅವರ ಮಗ ಬೆಳಿಗ್ಗೆ ಎಂಟಕ್ಕೇ ಬಂದು ಮುಟ್ಟಿದ್ದ, ಮರ ಬೀಳುವ ಮೊದಲೇ. ಅವನ ಮನೆ ಬೆಂಗಳೂರಿನ ನಾಗವಾರದಲ್ಲಿ. ಮಧ್ಯಾಹ್ನ ಅವನು ನಮ್ಮ ಪಕ್ಕ ಬಂದು ಕೂತ. ಬಹಳ ಹೊತ್ತು ಸುಮ್ಮನಿದ್ದು, ‘ಆಪಾ, ಎರಡು ಗಂಟೆಗೆ ಗೊರಗುಂಟೆಪಾಳ್ಯ ದಾಟಿದೆ. ನಾನೊಬ್ಬನೇ ಇದ್ದೆ. ನಾಲ್ಕು ಸೀಟೂ ಖಾಲಿ’ ಎಂದ.

ಎರಡು ಗಂಟೆಗೆ ನಾವು ಅಲ್ಲೇ, ಆಟೋದಲ್ಲಿ ಕೂತಿದ್ದೆವು.

ಅವನಿಗೆ ಫೋನು ಮಾಡಬೇಕೆಂದು ನಮಗೆ ಹೊಳೆದೇ ಇರಲಿಲ್ಲ. ಟ್ಯಾಕ್ಸಿಯವರನ್ನು ಕೇಳಿದೆವು, ಕೆಳಗಿನ ಮನೆಯವರು ತಾವಾಗಿಯೇ ಬಂದರು, ಆಟೋದವರನ್ನು ಎಬ್ಬಿಸಿದೆವು. ಗುರುತಿಲ್ಲದ ಹೆಂಗಸಿನ ಮಗುವಿನ ಜಾಗದಲ್ಲಿ ಕೂತೆವು. ಸ್ವಂತ ಫುಫುವಿನ ಮಗನನ್ನು ಕೇಳಲಿಲ್ಲ. ಅವನಿಗೂ ನಮ್ಮನ್ನು ಕರೆಯಲು ತೋಚಲಿಲ್ಲವೇ ಎಂದರೆ, ತೋಚಿತ್ತಂತೆ. ‘ನೀವು ಯಾವಾಗಲೂ ಬೇಡ ಅಂತೀರಲ್ಲ ಆಪಾ’ ಎಂದ. ಶಾದಿಮಹಲುಗಳ ಬಾಗಿಲಲ್ಲಿ ‘ಬನ್ನಿ, ಬಿಡ್ತೀನಿ’ ಎಂದವರಲ್ಲಿ ಅವನೂ ಇದ್ದ. ಅದೆಷ್ಟು ಸಲ ಬೇಡವೆಂದಿದ್ದೆವೋ. ಬಸ್ಸಿನಲ್ಲಿ ಹೋಗುವುದೇ ನಮಗೆ ಖುಷಿ ಎಂದು ನಗುತ್ತಾ ಹೇಳಿದ್ದೆವು. ಖುಷಿ ಇದ್ದದ್ದು ನಿಜ. ಅದರ ಜೊತೆಗೆ ಬೇರೆ ಏನೋ ಇತ್ತು. ಕಾರಿಲ್ಲದ್ದನ್ನು ಕೊರತೆಯೆಂದು ಅವರು ತಿಳಿಯಬಾರದು ಎಂಬ ಹಟ. ಊರಿನಲ್ಲಿ ಬಸ್ಸಿನ ಕಂಡಕ್ಟರ ಕೈಗೆ ಮಾತ್ರೆಯ ಚೀಟಿ ಕೊಡಲು ಅಬ್ಬಾನಿಗೆ ಎಂದೂ ಅಂಥ ಹಟ ಅಡ್ಡ ಬಂದಿರಲಿಲ್ಲ.

ಆ ಮೇಲೆ ಕಾರು ಕೊಂಡಿರಾ ಎಂದು ಕೇಳಬಹುದು. ಕೊಂಡಿಲ್ಲ. ಮಗಳು ಡ್ರೈವಿಂಗ್ ಕಲಿತು ಲೈಸೆನ್ಸ್ ಮಾಡಿಸಿಕೊಂಡಳು. ಹಣ್ಣಿನ ಗಾಡಿಗೆ ತಾಗಿಸಲಿಲ್ಲ. ಕೆಳಗಿನ ಮನೆಯವರ ಕಣ್ಣಿನ ತಪಾಸಣೆಗೆ ಅವರದೇ ಕಾರಿನಲ್ಲಿ ಅವರನ್ನು ಕರೆದೊಯ್ದದ್ದು ಅವಳೇ. ಹಿಂದಿನ ತಿಂಗಳು ಒಂದು ಮದುವೆ ಮುಗಿಸಿ ಹೊರಡುವಾಗ ಫುಫುವಿನ ಮಗ ಎಂದಿನಂತೆ ‘ಬನ್ನಿ’ ಎಂದ. ಒಂದು ಕ್ಷಣ ಬಾಯಿಗೆ ಹಳೆಯ ಮಾತೇ ಬಂತು. ಹತ್ತಿದೆವು. ಮೇಖ್ರಿ ಸರ್ಕಲ್ಲಿನಲ್ಲಿ ಮುಕ್ಕಾಲು ಗಂಟೆ ನಿಂತೆವು. ನಮ್ಮ ಬಸ್ಸು ಎರಡು ಕಾರುಗಳ ಹಿಂದೆಯೇ ನಿಂತಿತ್ತು. ಅವನ ಮಕ್ಕಳ ಪರೀಕ್ಷೆ, ಅವನ ಸಕ್ಕರೆ ಕಾಯಿಲೆ, ತೀರದ ಕಾರಿನ ಕಂತು, ಎಲ್ಲ ಆವತ್ತೇ ನಮಗೆ ತಿಳಿದದ್ದು.

ಊರಿನಿಂದ ಮರಳಿದ್ದು ಹನ್ನೆರಡು ದಿನಗಳ ಮೇಲೆ. ರಾತ್ರಿ ಬಸ್ಸಿಳಿದು ಬೆಳಗಾಗುವ ಮೊದಲೇ ಗಲ್ಲಿಗೆ ಬಂದಾಗ ಆಟೋದ ಅಣ್ಣ ಗಾಡಿ ಒರೆಸುತ್ತಿದ್ದರು. ಚೀಲ ಕೆಳಗಿಟ್ಟು ದುಡ್ಡು ತೆಗೆದೆವು. ಅವರು ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ‘ಮುಖ ನೋಡೋಕೆ ಸಿಕ್ತಾ ಅಮ್ಮ?’ ಎಂದು ಕೇಳಿದರು.

ಸಿಕ್ತು ಎಂದೆವು.

ಆಗ ಬಾಡಿಗೆ ತೆಗೆದುಕೊಂಡರು. ರಾತ್ರಿಯ ಒಂದೂವರೆಪಟ್ಟು ಲೆಕ್ಕ ಹಾಕಿ, ಉಳಿದ ಚಿಲ್ಲರೆಯನ್ನು ಎಣಿಸಿ ಕೈಗೆ ಕೊಟ್ಟರು.